ತಲೆಗೆಲ್ಲ ಒಂದೇ ನಂಬರ್

ಹೋದ ತಿಂಗಳು ಸನಿವೇಲ್‌ನಲ್ಲಿ ಒಂದೇ ಮನೆ ಹಂಚಿಕೊಂಡಿರುವ ನಾಲ್ಕು ಜನ ಹುಡುಗರು ಟ್ಯಾಕ್ಸ್ ವಿಚಾರ ಕೇಳೋಕೆ ಅಂತ ನಮ್ಮ ಮನೆಗೆ ಬಂದಿದ್ರು. ಒಬ್ಬ ಮಾತ್ರ ಕಾಫಿ ಕುಡಿಯುವಾಗಲೂ ಟೋಪಿ ತೆಗೀಲಿಲ್ಲ. ಬಲವಂತ ಮಾಡಿದ ಮೇಲೆ ತೆಗೆದ. ತಲೆ ಹಿಂದುಗಡೆ ಇಲಿ ಕಡಿದ ಹಾಗೆ ಅಲ್ಲಲ್ಲಿ ಗುಳಿ! ಕೆಲಸ ಹೋಗಿ ಮೂರು ವಾರ ಆಗಿತ್ತಂತೆ. ಖರ್ಚು ಉಳಿಸೋಣ ಅಂತ ರೂಮ್‌ಮೇಟ್ ಕೈಗೆ ಮೆಷಿನ್ ಕೊಟ್ಟಿದ್ದಾನೆ. ಎಚ್-1ಬಿಯಲ್ಲಿ ಕೆಲಸ ಕಳೆದುಕೊಂಡವರಿಗೆ ಸಿಗುವ ಗಡುವು ಹೆಚ್ಚೆಂದರೆ 60 ದಿನ. ಎರಡು ದಿನ ಬಿಟ್ಟು ಇಂಟರ್‌ವ್ಯೂ. "ಸರ್, ಇದನ್ನ ಸರಿ ಮಾಡೋಕೆ ಆಗುತ್ತಾ?" ಅಂದ.

ಆಗುತ್ತೆ ಅಂತ ಧೈರ್ಯವಾಗಿ ಹೇಳಿದೆವು. ನಾವು ಈ ವಿದ್ಯೆ ಕಲಿತಿದ್ದು 2020ರಲ್ಲಿ. ಮಾರ್ಚ್ 16ಕ್ಕೆ ಬೇ ಏರಿಯಾದ ಆರು ಕೌಂಟಿಗಳು ಮನೆಯಲ್ಲೇ ಇರಿ ಅಂತ ಆದೇಶ ಹೊರಡಿಸಿದಾಗ ಕಟಿಂಗ್ ಶಾಪ್‌ಗಳೂ ಬಾಗಿಲು ಹಾಕಿದವು. ನಮ್ಮನ್ನು ನೋಡೋಕೆ ಬಂದಿದ್ದ ತಂದೆಯವರು ವಿಮಾನವಿಲ್ಲದೆ ಫ್ರೀಮಾಂಟ್‌ನಲ್ಲೇ ಉಳಿದರು. ರಕ್ತ ತೆಳುವಾಗುವ ಮಾತ್ರೆ ತಗೊಳ್ತಿದ್ದರು. ಕತ್ತರಿ ಕಿವಿಗೆ ತಾಗಿದರೆ ರಕ್ತ ಬೇಗ ನಿಲ್ಲೋದಿಲ್ಲ. ಹಾಗಾಗಿ ಗಾರ್ಡ್ ಹಾಕಿದ ಮೆಷಿನ್ನೇ ಗತಿ. ಮಂಗಳವಾರ ಬೇಡ ಅಂದರು, ಬುಧವಾರ ಕೂರಿಸಿದೆವು. ಊರಲ್ಲಿ ನಮಗೆ ಬೇಸಿಗೆ ರಜೆಗೆ ಹೊಡೆಸುತ್ತಿದ್ದರಲ್ಲ 'ಸಮ್ಮರ್ ಕಟ್', ಅದೇ.

ಮೊದಲು ನಂಬರ್ ಲೆಕ್ಕ, ನಮಗೆ ಬರೋದು ಅದೇ ತಾನೆ. ಹೆಚ್ಚಿನ ಕಂಪನಿಗಳ ಗಾರ್ಡ್ ಮೇಲೆ ಇರುವ ಅಂಕಿ ಅಂದರೆ ಇಂಚಿನ ಎಂಟನೇ ಒಂದು ಭಾಗ. 1 ಅಂದರೆ ಸುಮಾರು 3 ಮಿಲಿಮೀಟರ್, 2 ಅಂದರೆ 6, 4 ಅಂದರೆ 13, 8 ಅಂದರೆ ಪೂರ್ತಿ ಒಂದು ಇಂಚು. ಮೊದಲ ಸಲ ಮಾಡುವವರು 4ಕ್ಕಿಂತ ಕೆಳಗೆ ಶುರು ಮಾಡಬೇಡಿ. ಉದ್ದ ಇದ್ದರೆ ಕಡಿಮೆ ಮಾಡಬಹುದು, ಕಡಿಮೆ ಆದದ್ದನ್ನು ಉದ್ದ ಮಾಡೋಕೆ ಆರು ವಾರ ಕಾಯಬೇಕು.

ಕೂದಲು ತೊಳೆದು ಚೆನ್ನಾಗಿ ಒಣಗಿರಬೇಕು. ಒದ್ದೆ ಕೂದಲು ಅಂಟಿಕೊಂಡು ಮಲಗುತ್ತೆ, ಗಾರ್ಡ್ ಒಳಗೆ ಹೋಗಲ್ಲ. ಕೊಬ್ಬರಿ ಎಣ್ಣೆ ಹಚ್ಚಿದ ತಲೆಯೂ ಬೇಡ, ಬ್ಲೇಡ್ ಕಟ್ಟಿಕೊಳ್ಳುತ್ತೆ. ಕೂದಲು ತುಂಬಾ ಬೆಳೆದಿದ್ದರೆ ಮೊದಲು ಕತ್ತರಿಯಲ್ಲಿ ಒರಟಾಗಿ ಕಡಿಮೆ ಮಾಡಿಕೊಳ್ಳಿ. ಮಚ್ಚೆ, ಹಳೇ ಗಾಯದ ಗುರುತು ಎಲ್ಲಿದೆ ಅಂತ ಬೆರಳಾಡಿಸಿ ನೋಡಿ. ಗಾರ್ಡ್ 'ಟಕ್' ಅಂತ ಕೂತಿದೆಯಾ ಅಂತ ಎಳೆದು ನೋಡಿ. ಆ ಹುಡುಗನ ಗುಳಿಗಳಿಗೆ ಕಾರಣ ಇದೇ: ಅರ್ಧಂಬರ್ಧ ಕೂತ ಗಾರ್ಡ್ ನಡುವೆ ನಡುವೆ ಓರೆಯಾಗಿತ್ತು.

ಆಮೇಲೆ ದಿಕ್ಕು. ಕೂದಲು ಬೆಳೆಯುವ ದಿಕ್ಕಿಗೆ ಎದುರಾಗಿ ಹೋಗಬೇಕು. ಪಕ್ಕದಲ್ಲಿ, ಹಿಂದೆ ಕೆಳಗಿನಿಂದ ಮೇಲಕ್ಕೆ. ಮೇಲುಗಡೆ ಹಣೆಯಿಂದ ನೆತ್ತಿಗೆ. ಗಾರ್ಡ್ ತಲೆಗೆ ಮಟ್ಟಸವಾಗಿ ಕೂತಿರಬೇಕು, ಮೂತಿ ಎತ್ತಿದರೆ ಅಳತೆ ತಪ್ಪುತ್ತೆ. ನಿಧಾನ ಹೋಗಿ, ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಅರ್ಧ ಬರಲಿ, ಹೊಲ ಉಳುವ ಹಾಗೆ.

'ತಲೆಗೆಲ್ಲ ಒಂದೇ ಮಂತ್ರ' ಅನ್ನೋ ಗಾದೆ ಸೋಲೋದು ಸುಳಿಯ ಹತ್ತಿರ. ಅಲ್ಲಿ ಕೂದಲು ಸುತ್ತುತ್ತಾ ಬೆಳೆಯೋದರಿಂದ ನಾಲ್ಕೂ ಕಡೆಯಿಂದ ಹೋಗಬೇಕು. ಎರಡು ಸುಳಿ ಇದ್ದರೆ ಎರಡಕ್ಕೂ ಅಷ್ಟೇ. ಕತ್ತಿನ ಮೇಲೆ ಕೆಲವರಿಗೆ ಕೂದಲು ಅಡ್ಡಡ್ಡ ಬೆಳೆಯುತ್ತೆ, ಅಲ್ಲೂ ದಿಕ್ಕು ಬದಲಾಯಿಸಿ. ಕಿವಿಯನ್ನು ಮುಂದಕ್ಕೆ ಮಡಚಿ ಹಿಂದೆ ಬಿಡಿಸಿ. ಕೊನೆಗೆ ಜೋರು ಬೆಳಕಲ್ಲಿ ಎದುರು ದಿಕ್ಕಿಗೆ ಅಂಗೈ ಆಡಿಸಿ. ಕಣ್ಣಿಗೆ ಕಾಣದ ಉಳಿಕೆ ಕೈಗೆ ಸಿಗುತ್ತೆ. ಗಾರ್ಡ್ ತೆಗೆಯೋದು ಕುತ್ತಿಗೆ ಗೆರೆಗೆ ಮಾತ್ರ. ಅದೂ ಮೇಲಿನಿಂದ ಕೆಳಕ್ಕೆ. ಗೆರೆಯನ್ನು ಮೇಲೆ ಮೇಲೆ ಏರಿಸುತ್ತಾ ಹೋದರೆ ಹಳ್ಳ ಬೀಳುತ್ತೆ.

ಇನ್ನೊಂದು ಮಾತು. ಅಳತೆ ಒಂದೇ ಆದರೂ ಕಣ್ಣಿಗೆ ಒಂದೇ ಕಾಣಲ್ಲ. ಕೂದಲು ತೆಳ್ಳಗಿರುವ ಕಡೆ ಚರ್ಮ ಕಾಣುತ್ತೆ, ದಟ್ಟ ಇರುವ ಕಡೆ ಕಪ್ಪಾಗಿ ಕಾಣುತ್ತೆ. ಅದನ್ನು ತಪ್ಪು ಅಂತ ತಿದ್ದೋಕೆ ಹೋದರೆ ಗುಂಡು ಹೊಡೆಸಿಕೊಳ್ಳೋವರೆಗೂ ನಿಲ್ಲಲ್ಲ.

ಮುಗಿದ ಮೇಲೆ ಬ್ಲೇಡಿನ ಕೂದಲು ಬ್ರಷ್‌ನಿಂದ ತೆಗೆದು ಒಂದೆರಡು ಹನಿ ಕ್ಲಿಪ್ಪರ್ ಎಣ್ಣೆ ಬಿಡಿ. ನಾಲ್ಕು ತಲೆಗೆ ಒಂದೇ ಮೆಷಿನ್ ಆದರೆ ಪ್ರತಿ ಸಲವೂ ಬ್ಲೇಡಿಗೆ ಸೋಂಕುನಾಶಕ ಹೊಡೆಯಿರಿ; ಹುಳಕಡ್ಡಿ ಒಬ್ಬರಿಂದ ಒಬ್ಬರಿಗೆ ಬರೋದು ಹೀಗೇ. ಊರಿಗೆ ತಗೊಂಡು ಹೋಗುವವರು ಅಡಾಪ್ಟರ್ ನೋಡಿ: 100-240 ವೋಲ್ಟ್ ಅಂತ ಬರೆದಿರಬೇಕು. ತಂದೆಯವರು ಹೋಗುವಾಗ ನಮ್ಮ ವೈರ್ ಮೆಷಿನ್ನೇ ಆಸೆಯಿಂದ ಒಯ್ದರು. ಇಲ್ಲಿನ 120 ವೋಲ್ಟ್‌ನದು ಅಲ್ಲಿನ 230ಕ್ಕೆ ಹಾಕಿದ ಕೂಡಲೇ ಸುಟ್ಟು ಹೋಯ್ತು. "ಹೋಗ್ಲಿ ಬಿಡು, ಇಲ್ಲಿ ನಮ್ಮ ಅಂಗಡಿಯವನೇ ಇದಾನಲ್ಲ" ಅಂದರು.

ಇನ್ನು ದುಡ್ಡಿನ ಲೆಕ್ಕ. ನಾವು ಹೋಗುವ ಕಡೆ ಕಟಿಂಗ್ 30 ಡಾಲರ್, ಟಿಪ್ 5. ತಿಂಗಳಿಗೊಮ್ಮೆ ಅಂದರೂ ಒಬ್ಬರಿಗೆ ವರ್ಷಕ್ಕೆ 420, ನಾಲ್ವರಿಗೆ 1,680. ಮೆಷಿನ್ 50 ಡಾಲರ್. ಹಾಗಂತ ಇದು ಸುಲಭದ ಕೆಲಸ ಅಂತ ತಿಳೀಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಬಾರ್ಬರ್ ಲೈಸೆನ್ಸಿಗೆ 1,000 ಗಂಟೆ ತರಬೇತಿ ಬೇಕು, 2022ಕ್ಕೆ ಮುಂಚೆ 1,500 ಇತ್ತು. ಒಂದು ತಲೆ ಕೆಡಿಸಿದ ಮೇಲೆ ಆ ಗಂಟೆಗಳ ಬೆಲೆ ಗೊತ್ತಾಗುತ್ತೆ.

ಹುಡುಗನ ತಲೆಗೆ ಬರೋಣ. ಎಲ್ಲಕ್ಕಿಂತ ಆಳದ ಗುಳಿ ಎಷ್ಟು ನಂಬರ್ ಅಂತ ಗಾರ್ಡ್ ಹಿಡಿದು ನೋಡಿದೆವು: 2. ಉಳಿದ ಕೂದಲನ್ನು ಅದರ ಮಟ್ಟಕ್ಕೆ ಇಳಿಸದೆ ದಾರಿ ಇಲ್ಲ. 4, ಆಮೇಲೆ 3, ಆಮೇಲೆ 2. ಮುಕ್ಕಾಲು ಗಂಟೆ ಹಿಡೀತು. ಕನ್ನಡಿ ನೋಡಿ "ಎಸ್ಸೆಸ್ಸೆಲ್ಸಿ ಫೋಟೋ ಥರ ಇದೀನಿ" ಅಂದ. ನಕ್ಕಿದ್ದು ಅವನೇ ಮೊದಲು. ಟೋಪಿಯನ್ನು ನಮ್ಮ ಮನೆಯಲ್ಲೇ ಮರೆತು ಹೋದ.

ಇಂಟರ್‌ವ್ಯೂ ಆಯ್ತು, ಎರಡನೇ ಸುತ್ತಿಗೆ ಕರೆದಿದ್ದಾರೆ. ಇದನ್ನು ಬರೆಯುವ ಹೊತ್ತಿಗೆ 60ರಲ್ಲಿ 37 ದಿನ ಕಳೆದಿದೆ. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಆರು ವರ್ಷದ ಅನುಭವ. ನಿಮ್ಮ ಕಂಪನಿಯಲ್ಲಿ ಜಾಗ ಇದ್ದರೆ ಸಂಪಾದಕರಿಗೆ ಒಂದು ಮಾತು ತಿಳಿಸಿ, ಅವನಿಗೆ ತಲುಪಿಸುತ್ತೇವೆ.