ಗೋಡೆಗೊಪ್ಪುವ ಸೌಮ್ಯ ವರ್ಣ

ಬಾದಾಮಿಯಲ್ಲಿ ಮನೆಯ ಗೋಡೆಗೆ ಬಣ್ಣ ಆರಿಸುವ ಗೃಹಿಣಿ ಮೊದಲು ಕಿಟಕಿಯಾಚೆ ನೋಡಬೇಕು. ಅಲ್ಲಿ ಕೆಂಪು ಮರಳುಗಲ್ಲಿನ ಬೆಟ್ಟ. ಮನೆಯೊಳಗೆ ಇಳಕಲ್ ಸೀರೆಯ ಕೆಂಪು ಸೆರಗು. ಇವುಗಳ ನಡುವೆ ಗೋಡೆಯೂ ಕಡುಬಣ್ಣದ್ದಾದರೆ ಕಣ್ಣಿಗೆ ವಿಶ್ರಾಂತಿಯೆಲ್ಲಿ? ಅಚ್ಚ ಬಿಳುಪಾದರೆ ಬೇಸಗೆಯ ಬಿಸಿಲಿಗೆ ಕಣ್ಣು ಕುಕ್ಕುವುದು.

ಇಂಥಲ್ಲಿ ಒಪ್ಪುವ ಬಣ್ಣ 'ಗ್ರೇಜ್'. ಬೂದುಬಣ್ಣಕ್ಕೆ ನಸುಮಣ್ಣಿನ ಛಾಯೆ ಬೆರೆತ ಸೌಮ್ಯ ವರ್ಣ. ಹೆಸರಿನ ಮೂಲ ಫ್ರೆಂಚ್; ಅಲ್ಲಿ ಅದು ಕಚ್ಚಾ ರೇಷ್ಮೆಗೆ ಸಲ್ಲುವ ಮಾತು. ನೇಕಾರರ ನಾಡಿಗೆ ಇದು ತೀರ ಪರಕೀಯವಲ್ಲ.

ಆದರೆ ಅಂಗಡಿಯ ಬಣ್ಣದ ಪಟ್ಟಿಯಲ್ಲಿ ಕಂಡಂತೆಯೇ ಇದು ಗೋಡೆಯ ಮೇಲೆ ಕಾಣದು. ಸಂಜೆಯ ಬಿಸಿಲು ಬೆಟ್ಟಕ್ಕೆ ತಾಗಿ ಒಳಬಂದರೆ ಗೋಡೆ ನಸುಗೆಂಪಾದೀತು. ಉತ್ತರದ ಕೋಣೆಯಲ್ಲಿ ಅದೇ ಬಣ್ಣ ಬರಿಯ ಬೂದಿಯಂತೆ ತೋರೀತು. ಆದುದರಿಂದ ಮೊಳದಗಲ ಗೋಡೆಗೆ ಎರಡು ಸಲ ಬಳಿದು, ಬೆಳಗ್ಗೆ, ಸಂಜೆ ಮತ್ತು ದೀಪ ಹಚ್ಚಿದ ಮೇಲೆ ನೋಡಿ ನಿರ್ಧರಿಸುವುದು ಲೇಸು.

ಹಳೆಯ ಕಲ್ಲು-ಮಣ್ಣಿನ ಗೋಡೆಯಾದರೆ ಇನ್ನೊಂದು ಎಚ್ಚರಿಕೆ ಅಗತ್ಯ. ಪ್ಲಾಸ್ಟಿಕ್ ಬಣ್ಣವು ತೇವವನ್ನು ಒಳಗೇ ತಡೆಯುವುದರಿಂದ ಕ್ರಮೇಣ ಹೆಕ್ಕಳಿಕೆಯಾಗಿ ಏಳುತ್ತದೆ. ಸುಣ್ಣವು ತೇವವನ್ನು ಹೊರಬಿಡುತ್ತದೆ. ಸೋಸಿದ ಸುಣ್ಣಕ್ಕೆ ಹಳದಿ ಮಣ್ಣಿನ ಬಣ್ಣವನ್ನೂ ತುಸು ಕಪ್ಪನ್ನೂ ಬೆರೆಸಿದರೆ ಇದೇ ಛಾಯೆ ಕಡಮೆ ಖರ್ಚಿನಲ್ಲಿ ದೊರೆಯುವುದು. ಹಸಿಯಿದ್ದಾಗ ಗಾಢವಾಗಿ ಕಂಡುದು ಒಣಗಿದ ಮೇಲೆ ತಿಳಿಯಾಗುವುದೆಂಬುದನ್ನು ಮಾತ್ರ ಮರೆಯಬಾರದು.

ಬಣ್ಣದ ಒಲವು ಈ ಊರಿಗೆ ಹೊಸತಲ್ಲ. ಕ್ರಿ.ಶ. 578ರಲ್ಲಿ ಮಂಗಳೇಶನು ಪೂರ್ಣಗೊಳಿಸಿದ ಮೂರನೆಯ ಗುಹೆಯಲ್ಲಿ ವರ್ಣಚಿತ್ರಗಳ ಕುರುಹು ಇಂದಿಗೂ ಉಳಿದಿದೆ. ಮನೆಯ ಗೋಡೆಗಾದರೋ ಮೆರೆಯುವ ಹಂಬಲ ಬೇಡ. ಅದು ಹಿಂದೆ ಸರಿದು ನಿಂತರೆ, ಮುಂದೆ ಕುಳಿತ ಮನೆಯವರ ಮುಖ ಬೆಳಗುವುದು.