ಶೇಕಡಾ ನೂರು ಎಂಬ ಫಲಕ

ಪ್ರತಿ ವರ್ಷ ಮೇ ತಿಂಗಳು ಬಂತೆಂದರೆ ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಮನೆಗಳಲ್ಲಿ ಮಳೆಗಿಂತ ಮೊದಲು ಎಸ್.ಎಸ್.ಎಲ್.ಸಿ. ಫಲಿತಾಂಶದ ಮಾತು ಬರುವದು. ಜಿಲ್ಲೆ ಏರಿತೋ ಇಳಿಯಿತೋ ಎಂಬದು ಮರುದಿನದ ವೃತ್ತಪತ್ರಿಕೆಯಲ್ಲಿ ದಪ್ಪಕ್ಷರಗಳಲ್ಲಿ ಕಾಣುವದು. ಮಗಳನ್ನು ಯಾವ ಶಾಲೆಗೆ ಸೇರಿಸಬೇಕೆಂಬ ವಿಚಾರವೂ ಅದರೊಡನೆಯೇ ನಡೆಯುವದು. ಆ ಅಂಕೆಗಳನ್ನು ನಾವು ಓದುವ ಬಗೆ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಅದನ್ನು ಹೆತ್ತವರ ಮತ್ತು ಪೂರ್ವವಿದ್ಯಾರ್ಥಿನಿಯರ ಮುಂದೆ ಇಡಲು ಈ ಸಂಚಿಕೆಯಲ್ಲಿ ಎಡೆ ದೊರೆತದ್ದು ಸಂತೋಷ.

೨೦೨೩ರಲ್ಲಿ ಉಡುಪಿ ಜಿಲ್ಲೆ ೧೮ನೆಯ ಸ್ಥಾನಕ್ಕೆ ಜಾರಿತೆಂದು ಎಷ್ಟು ಮಂದಿ ತಲೆತಗ್ಗಿಸಿದರು! ಆ ವರ್ಷ ತೇರ್ಗಡೆಯಾದವರು ನೂರಕ್ಕೆ ೮೯ಕ್ಕಿಂತ ತುಸು ಹೆಚ್ಚು. ೨೦೨೪ರಲ್ಲಿ ಶೇಕಡಾ ೯೪ ಬಂದು ಜಿಲ್ಲೆ ರಾಜ್ಯಕ್ಕೇ ಪ್ರಥಮವಾಯಿತು. ೨೦೨೫ರಲ್ಲಿ ೮೯.೯೬, ಸ್ಥಾನ ಎರಡನೆಯದು. ಮೊದಲನೆಯ ವರ್ಷವನ್ನೂ ಕೊನೆಯ ವರ್ಷವನ್ನೂ ಹತ್ತಿರ ಹತ್ತಿರ ಇಟ್ಟು ನೋಡಿರಿ. ತೇರ್ಗಡೆಯ ಪ್ರಮಾಣ ಹೆಚ್ಚುಕಡಮೆ ಇದ್ದಲ್ಲಿಯೇ ಇದೆ. ಸ್ಥಾನ ಮಾತ್ರ ಹದಿನೆಂಟರಿಂದ ಎರಡಕ್ಕೆ ಹಾರಿದೆ. ಕದಲಿದವರು ನಾವಲ್ಲ, ಸುತ್ತಲಿನವರು. ೨೦೨೩ರಲ್ಲಿ ಇಡೀ ರಾಜ್ಯದ ಫಲಿತಾಂಶ ೮೩.೮೯ ಇತ್ತು. ೨೦೨೪ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಬಂತು, ವೆಬ್‌ಕಾಸ್ಟಿಂಗ್ ಕಾವಲು ಬಂತು; ಕೃಪಾಂಕಗಳನ್ನು ಹೆಚ್ಚಿಸಿದಾಗ್ಯೂ ರಾಜ್ಯದ ಅಂಕೆ ೭೩.೪೦ಕ್ಕೆ ಇಳಿಯಿತು. ಮರುವರ್ಷ ಇನ್ನೂ ಇಳಿಯಿತು. ಹಾಗಾದರೆ ೨೦೨೩ರಲ್ಲಿ ನಮ್ಮ ಅಧ್ಯಾಪಕರಿಗೆ ಬಿದ್ದ ಬೈಗಳಿಗೆ ಆಧಾರವೇನಿತ್ತು? ಕಾವಲು ಬಿಗಿಯಾದ ಮೇಲೆಯೂ ನಮ್ಮ ಮಕ್ಕಳು ನಿಂತರೆಂಬದು ಹೆಮ್ಮೆಪಡತಕ್ಕ ಸಂಗತಿ. ಆದರೆ ಸ್ಥಾನವೆಂಬ ಅಂಕೆಯು ಅದನ್ನು ಹೇಳಲಾರದು.

ಇನ್ನು ಶಾಲೆಯ ಗೇಟಿಗೆ ಕಟ್ಟುವ ‘ಶೇಕಡಾ ೧೦೦’ ಎಂಬ ಫಲಕದ ಮಾತು. ಎಷ್ಟು ಮಂದಿಯಲ್ಲಿ ನೂರು? ಹಳ್ಳಿಯ ಒಂದು ಶಾಲೆಯಿಂದ ೧೫ ಮಂದಿ ಪರೀಕ್ಷೆಗೆ ಕೂತರೆನ್ನೋಣ. ಗಣಿತದ ದಿನ ಒಬ್ಬಳಿಗೆ ಜ್ವರ ಬಂದು ಅನುತ್ತೀರ್ಣಳಾದರೆ ಫಲಿತಾಂಶ ೯೩ಕ್ಕೆ ಇಳಿಯುವದು. ೧೫೦ ಮಂದಿಯಿರುವ ಪೇಟೆಯ ಶಾಲೆಯಲ್ಲಿ ಅದೇ ಜ್ವರದಿಂದ ನೂರಕ್ಕೆ ಒಂದೂ ಇಳಿಯದು. ಆದುದರಿಂದಲೇ ಪಟ್ಟಿಯ ತುದಿಯಲ್ಲಿಯೂ ಬುಡದಲ್ಲಿಯೂ ಚಿಕ್ಕ ಶಾಲೆಗಳು ಹೆಚ್ಚಾಗಿ ಕಾಣಸಿಗುವವು. ಅದು ಕಲಿಸುವವರ ಗುಣವೂ ಅಲ್ಲ, ದೋಷವೂ ಅಲ್ಲ. ಇದಕ್ಕಿಂತ ನೋವಿನ ಮಾತೊಂದುಂಟು. ಎಂಟನೆಯ ತರಗತಿಗೆ ಸೇರಿದ ೬೦ ಹುಡುಗಿಯರಲ್ಲಿ ಹತ್ತು ಮಂದಿಯನ್ನು, ‘ನಿಮ್ಮ ಮಗಳಿಗೆ ಬೇರೆ ಶಾಲೆ ಒಳ್ಳೆಯದು’ ಎಂದು ಮೆಲ್ಲನೆ ಕಳುಹಿಸಿಬಿಟ್ಟು, ಉಳಿದ ೫೦ ಮಂದಿಯಿಂದ ಒಂದು ಶಾಲೆ ನೂರಕ್ಕೆ ನೂರು ಪಡೆದರೆ, ಆ ಹತ್ತು ಹುಡುಗಿಯರು ಯಾರ ಲೆಕ್ಕಕ್ಕೆ ಸೇರಿದರು?

ನಮ್ಮ ಕಡೆ ಶಾಲೆಯನ್ನು ಆರಿಸುವ ಭಾರ ಎಷ್ಟೋ ಮನೆಗಳಲ್ಲಿ ತಾಯಿಯೊಬ್ಬಳ ಮೇಲೆಯೇ ಬೀಳುತ್ತದೆ. ಇದಕ್ಕೂ ಒಂದು ಅಂಕೆಯುಂಟು. ಅದನ್ನು ತಪ್ಪಾಗಿ ಓದುವವರೂ ಉಂಟು. ೨೦೧೧ರ ಜನಗಣತಿಯಂತೆ ಉಡುಪಿ ಜಿಲ್ಲೆಯಲ್ಲಿ ೧೦೦೦ ಗಂಡಸರಿಗೆ ೧೦೯೪ ಹೆಂಗಸರು. ಇದು ಹೆಣ್ಣುಮಕ್ಕಳೇ ಹೆಚ್ಚು ಹುಟ್ಟುವ ನಾಡೆಂದು ಕೆಲವರು ಹಿಗ್ಗುವರು. ಆದರೆ ಅದೇ ಗಣತಿಯಲ್ಲಿ ಆರು ವರ್ಷದೊಳಗಿನವರನ್ನು ಮಾತ್ರ ಎಣಿಸಿದರೆ ೧೦೦೦ ಗಂಡುಮಕ್ಕಳಿಗೆ ೯೫೮ ಹೆಣ್ಣುಮಕ್ಕಳು. ಇದನ್ನು ಕಂಡು ಬೆದರಬೇಕಾದ್ದೂ ಇಲ್ಲ. ಗಂಡು ತುಸು ಹೆಚ್ಚು ಹುಟ್ಟುವದು ಲೋಕದಲ್ಲೆಲ್ಲಾ ಪ್ರಕೃತಿಯ ಕ್ರಮ. ಹೆಂಗಸರು ಹೆಚ್ಚು ಕಾಲ ಬದುಕುವರೆಂಬದು ನಿಜವೇ. ಆದರೂ ದೊಡ್ಡವರಾದ ಗಂಡಸರು ಎಲ್ಲಿ ಹೋದರೆಂದು ನಮಗೆ ಯಾರೂ ಹೇಳಬೇಕಾಗಿಲ್ಲ: ಬೆಂಗಳೂರು, ಮುಂಬಯಿಯ ಹೋಟೆಲುಗಳಿಗೆ, ಕೊಲ್ಲಿ ದೇಶಗಳಿಗೆ. ಮೊಬೈಲಿನಲ್ಲಿ ಗಂಡನ ಮಾತು ಕೇಳಿ, ಮನೆಯಲ್ಲಿ ಅತ್ತೆಯ ಮಾತು ಕೇಳಿ, ಕೊನೆಗೆ ತಾನೇ ನಿರ್ಧರಿಸಬೇಕಾದ ಆ ತಾಯಿಯ ಕಣ್ಣ ಮುಂದೆ ಗೇಟಿನ ಫಲಕವೊಂದೇ ಇರುವದು ನ್ಯಾಯವಲ್ಲ.

ಪ್ರತಿಯೊಂದು ಶಾಲೆಯು ತನ್ನ ವಾರ್ಷಿಕ ವರದಿಯಲ್ಲಿ ಶೇಕಡಾವಾರಿನ ಪಕ್ಕದಲ್ಲಿ ಪರೀಕ್ಷೆಗೆ ಕೂತವರ ಸಂಖ್ಯೆ, ಎಂಟನೆಯ ತರಗತಿಗೆ ಸೇರಿದ್ದವರ ಸಂಖ್ಯೆ, ನಡುವೆ ಬಿಟ್ಟವರು ಎಷ್ಟು ಮತ್ತು ಯಾಕೆ ಎಂಬ ವಿವರ, ಜೊತೆಗೆ ಹಿಂದಿನ ಐದು ವರ್ಷಗಳ ಅಂಕೆಗಳನ್ನೂ ಅಚ್ಚು ಹಾಕಿಸತಕ್ಕದ್ದು. ನಮ್ಮ ಶಾಲೆಯೂ ಇದಕ್ಕೆ ಹೊರತಲ್ಲ. ಮುಂದಿನ ವರ್ಷದ ವರದಿಯಿಂದಲೇ ಆರಂಭವಾಗಲಿ. ಹೆತ್ತವರು ಹೆಸರು ಸೇರಿಸಲು ಬಂದ ದಿನವೇ ಇದನ್ನು ಕೇಳಬೇಕು. ಕೇಳಿದರೆ ಹೆಡ್‌ಮಿಸ್ಟ್ರೆಸರು ಮುನಿದಾರೆಂಬ ಅಂಜಿಕೆ ಬೇಡ. ಹೆಸರುಗಳೆಲ್ಲ ಹಾಜರಿ ಪುಸ್ತಕದಲ್ಲಿ ಇದ್ದೇ ಇವೆ. ಎಣಿಸಲು ಅರ್ಧ ಗಂಟೆ ಸಾಕು.