ಡಿಸ್ಕು ಮತ್ತು ನಮ್ಮ ಹೊಣೆ



ಗಳಿಸುವುದು ಒಂದು ಕೆಲಸ, ಗಳಿಸಿದುದನ್ನು ಉಳಿಸಿಕೊಳ್ಳುವುದು ಇನ್ನೊಂದು ಕೆಲಸ. ಹಣದ ವಿಷಯದಲ್ಲಿ ಈ ಮಾತನ್ನು ಒಪ್ಪದವರಿಲ್ಲ. ಆದರೆ ಬರಹ, ಚಿತ್ರ, ಧ್ವನಿ ಇವುಗಳ ವಿಷಯದಲ್ಲಿ ನಾವು ಗಳಿಕೆಯನ್ನು ಕಲಿತು ಉಳಿಕೆಯನ್ನು ಮರೆತಿರುವಂತೆ ತೋರುತ್ತದೆ. ನಿಮ್ಮಲ್ಲಿ ಬಹುಮಂದಿ ಕಂಪ್ಯೂಟರಿನಲ್ಲಿ ಪ್ರಬಂಧ ಬರೆಯಬಲ್ಲಿರಿ, ಚಿತ್ರ ಬಿಡಿಸಬಲ್ಲಿರಿ, ಅಂಕಗಳ ಕೋಷ್ಟಕವನ್ನು ಸಿದ್ಧಪಡಿಸಬಲ್ಲಿರಿ. ಆದರೆ ಬರೆದುದು ಎಲ್ಲಿ ಹೋಗಿ ಕುಳಿತುಕೊಳ್ಳುತ್ತದೆ, ಅದನ್ನು ಹೇಗೆ ಕಾಯಬೇಕು, ಅದು ಕಾಣದಂತಾದಾಗ ಮೊದಲು ಮಾಡತಕ್ಕದ್ದೇನು ಎಂದು ಕೇಳಿದರೆ ತರಗತಿಯಲ್ಲಿ ಮೌನ ನೆಲೆಸುತ್ತದೆ. ಕಂಪ್ಯೂಟರನ್ನು ಬಳಸಲು ಕಲಿಸುವ ಶಾಲೆ ಡಿಸ್ಕನ್ನು ಕಾಯಲು ಕಲಿಸದಿದ್ದರೆ ಪಾಠ ಅರ್ಧಕ್ಕೆ ನಿಂತಂತೆಯೇ ಸರಿ ಎಂಬುದು ನನ್ನ ಅಭಿಪ್ರಾಯ.

ಡಿಸ್ಕಿನ ಇತಿಹಾಸ ಬಹಳ ಹಳೆಯದೇನಲ್ಲ. ೧೯೫೬ರಲ್ಲಿ ಅಮೆರಿಕದ ಐ.ಬಿ.ಎಂ. ಸಂಸ್ಥೆ ಮೊದಲನೆಯ ಡಿಸ್ಕು ಯಂತ್ರವನ್ನು ಹೊರತಂದಿತು. ಅದರಲ್ಲಿ ೨೪ ಅಂಗುಲ ಅಗಲದ ೫೦ ಬಿಲ್ಲೆಗಳಿದ್ದುವು. ಅದರ ತೂಕ ಸುಮಾರು ಒಂದು ಟನ್ನು. ಇಷ್ಟು ದೊಡ್ಡ ಯಂತ್ರ ತನ್ನೊಳಗೆ ಇಟ್ಟುಕೊಳ್ಳುತ್ತಿದ್ದುದು ೫೦ ಲಕ್ಷ ಅಕ್ಷರಗಳನ್ನು ಮಾತ್ರ. ಇಂದು ಅಂಗೈಯಲ್ಲಿ ಹಿಡಿಯುವ ಒಂದು ಟೆರಾಬೈಟಿನ ಡಿಸ್ಕು ಅದಕ್ಕಿಂತ ಹೆಚ್ಚುಕಡಿಮೆ ಎರಡು ಲಕ್ಷ ಪಟ್ಟು ಹೆಚ್ಚು ಹಿಡಿಯುತ್ತದೆ. ಇದು ಮನುಷ್ಯನ ಬುದ್ಧಿಗೆ ಭೂಷಣವಾದ ಸಂಗತಿಯೇ. ಆದರೆ ವಸ್ತು ಚಿಕ್ಕದಾದಂತೆಲ್ಲ ಅದರ ಬಗೆಗಿನ ಎಚ್ಚರವೂ ಚಿಕ್ಕದಾಗುತ್ತ ಬಂದಿದೆ. ಒಂದು ಟನ್ನಿನ ಯಂತ್ರವನ್ನು ಯಾರೂ ಮೇಜಿನಿಂದ ಕೆಡವಲಾರರು. ಅಂಗೈಯಗಲದ ಡಿಸ್ಕು ಬೆಂಚಿನಿಂದ ಜಾರಿ ಬೀಳಲು ಒಂದು ಮೊಣಕೈ ತಗುಲಿದರೆ ಸಾಕು.

ಬಿದ್ದರೆ ಏನಾಗುತ್ತದೆಂದು ತಿಳಿಯಲು ಒಳಗಿನ ವ್ಯವಸ್ಥೆಯನ್ನು ಸ್ವಲ್ಪ ಬಲ್ಲವರಾಗಬೇಕು. ಹಾರ್ಡ್ ಡಿಸ್ಕಿನೊಳಗೆ ಅಲ್ಯೂಮಿನಿಯಂ ಅಥವಾ ಗಾಜಿನ ನುಣುಪಾದ ಬಿಲ್ಲೆಗಳಿರುತ್ತವೆ. ಅವುಗಳ ಮೇಲೆ ಅಯಸ್ಕಾಂತ ಗುಣವುಳ್ಳ ತೆಳುವಾದ ಲೇಪವಿರುತ್ತದೆ. ಆ ಲೇಪದಲ್ಲಿರುವ ಅತಿಸಣ್ಣ ಭಾಗಗಳನ್ನು ಈ ದಿಕ್ಕಿಗೋ ಆ ದಿಕ್ಕಿಗೋ ಕಾಂತೀಯವಾಗಿ ತಿರುಗಿಸಿ ನಮ್ಮ ಬರಹವನ್ನು ಗುರುತಿಸಲಾಗುತ್ತದೆ. ಬಿಲ್ಲೆ ನಿಮಿಷಕ್ಕೆ ೫,೪೦೦ ಅಥವಾ ೭,೨೦೦ ಸುತ್ತು ತಿರುಗುತ್ತದೆ. ೭,೨೦೦ ಸುತ್ತೆಂದರೆ ಸೆಕೆಂಡಿಗೆ ೧೨೦ ಸುತ್ತಾಯಿತು. ಮೇಜಿನ ಕಂಪ್ಯೂಟರಿನ ಡಿಸ್ಕಿನಲ್ಲಿ ಆ ಬಿಲ್ಲೆಯ ಅಂಚು ಗಂಟೆಗೆ ೧೨೦ ಕಿಲೋಮೀಟರನ್ನೂ ಮೀರಿದ ವೇಗದಲ್ಲಿ ಓಡುತ್ತಿರುತ್ತದೆ. ನೀವು ದಿನವೂ ಹತ್ತಿ ಬರುವ ಲೋಕಲ್ ಗಾಡಿಗೂ ಆ ವೇಗವಿಲ್ಲ. ಈ ಬಿಲ್ಲೆಯನ್ನು ಓದುವ ಹೆಡ್ಡು ಅದನ್ನು ಮುಟ್ಟುವುದಿಲ್ಲ. ಗಾಳಿಯ ಪದರವೊಂದರ ಮೇಲೆ ತೇಲುತ್ತಿರುತ್ತದೆ. ಆ ಪದರದ ದಪ್ಪ, ನಿಮ್ಮ ನೋಟುಬುಕ್ಕಿನ ಒಂದು ಹಾಳೆಯ ದಪ್ಪದಲ್ಲಿ ಹತ್ತು ಸಾವಿರದಲ್ಲೊಂದು ಪಾಲಿಗೂ ಕಡಮೆ. ಇಷ್ಟು ಸೂಕ್ಷ್ಮವಾದ ಕಾಂತೀಯ ಗುರುತನ್ನು ಓದಲು ನೆರವಾದ ಸಂಶೋಧನೆಗಾಗಿ ಫ್ರಾನ್ಸಿನ ಆಲ್ಬರ್ಟ್ ಫರ್ಟ್ ಮತ್ತು ಜರ್ಮನಿಯ ಪೀಟರ್ ಗ್ರುನ್‌ಬರ್ಗ್ ಇವರಿಗೆ ೨೦೦೭ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಇಷ್ಟು ತಿಳಿದ ಮೇಲೆ ಆರೈಕೆಯ ನಿಯಮಗಳನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಅವು ತಾವಾಗಿ ಹೊಳೆಯುತ್ತವೆ. ತಿರುಗುತ್ತಿರುವ ಡಿಸ್ಕನ್ನು ಅಲುಗಿಸಬಾರದು, ಏಕೆಂದರೆ ಹೆಡ್ಡು ಬಿಲ್ಲೆಗೆ ತಗುಲಿ ಲೇಪವನ್ನು ಕೆರೆದೀತು. ಡಿಸ್ಕಿನ ಮುಚ್ಚಳವನ್ನು ಮನೆಯಲ್ಲಿ ಬಿಚ್ಚಬಾರದು, ಏಕೆಂದರೆ ಅಲ್ಲಿ ಧೂಳಿನ ಒಂದು ಕಣವೂ ಹೆಬ್ಬಂಡೆಗೆ ಸಮಾನ. ಕೆಲಸ ಮುಗಿದೊಡನೆ ತಂತಿಯನ್ನು ಕಿತ್ತುಬಿಡಬಾರದು. ತೆರೆಯ ಮೇಲೆ ಕೆಲಸ ಮುಗಿದಂತೆ ಕಂಡರೂ ಬರೆಯತಕ್ಕ ಭಾಗ ಕೆಲವು ವೇಳೆ ಇನ್ನೂ ಉಳಿದಿರುತ್ತದೆ. ಸುರಕ್ಷಿತವಾಗಿ ಹೊರತೆಗೆಯುವ ಆಜ್ಞೆಯನ್ನು ಕೊಟ್ಟು, ಬಿಲ್ಲೆ ನಿಲ್ಲುವವರೆಗೆ ನಾಲ್ಕು ಗಳಿಗೆ ಕಾದು, ಅನಂತರ ತೆಗೆಯುವುದೇ ಕ್ರಮ. ದಿಂಬಿನ ಮೇಲೆ, ಹಾಸಿಗೆಯ ಮೇಲೆ ಇಟ್ಟು ನಡೆಯಿಸಿದರೆ ಶಾಖ ಹೊರಗೆ ಹೋಗಲಾರದು. ಮುಂಬಯಿಯ ಮಳೆಗಾಲಕ್ಕೆ ಬೇರೆಯೇ ಎಚ್ಚರ ಬೇಕು. ತಂಪುಗೊಳಿಸಿದ ಕೋಣೆಯಿಂದ ಡಿಸ್ಕನ್ನು ಒಮ್ಮೆಲೇ ಹೊರಗಿನ ತೇವದ ಗಾಳಿಗೆ ತಂದರೆ ತಣ್ಣನೆಯ ಲೋಟದ ಮೇಲೆ ಕಟ್ಟುವಂತೆ ಅದರ ಮೇಲೂ ಹನಿ ಕಟ್ಟುತ್ತದೆ. ಅರ್ಧ ಗಂಟೆ ಚೀಲದಲ್ಲೇ ಇರಿಸಿ ಅನಂತರ ಬಳಸುವುದು ಲೇಸು. ಡಿಸ್ಕಿನ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣವೊಂದಿದ್ದರೆ ಇನ್ನೂ ಒಳ್ಳೆಯದು.

ಈಚಿನ ಎಸ್.ಎಸ್.ಡಿ. ಮತ್ತು ಪೆನ್ ಡ್ರೈವುಗಳಲ್ಲಿ ತಿರುಗುವ ಬಿಲ್ಲೆಯೇ ಇಲ್ಲವಲ್ಲ, ಅವುಗಳಿಗೆ ಭಯವೇನು ಎಂದು ನೀವು ಕೇಳಬಹುದು. ಬೀಳುವ ಭಯ ಕಡಮೆ, ನಿಜ. ಆದರೆ ಅಲ್ಲಿ ನಮ್ಮ ಬರಹ ಉಳಿಯುವುದು ವಿದ್ಯುದಾವೇಶದ ರೂಪದಲ್ಲಿ. ಪ್ರತಿಯೊಂದು ಕೋಶವನ್ನೂ ಇಂತಿಷ್ಟು ಸಲ ಮಾತ್ರ ಅಳಿಸಿ ಬರೆಯಬಹುದು. ವರ್ಷಗಟ್ಟಲೆ ವಿದ್ಯುತ್ತನ್ನೇ ಕಾಣದೆ ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದರೆ ಆವೇಶ ಮೆಲ್ಲಮೆಲ್ಲನೆ ಸೋರಿಹೋಗಲೂಬಹುದು. ಮರಣವಿಲ್ಲದ ಡಿಸ್ಕು ಇನ್ನೂ ಹುಟ್ಟಿಲ್ಲ.

ಇನ್ನು ಡಿಸ್ಕಿಗೆ ಕಾಯಿಲೆ ಬಂದಾಗ ಏನು ಮಾಡಬೇಕೆಂಬ ಪ್ರಶ್ನೆ. ನಮ್ಮಲ್ಲಿ ಹೆಚ್ಚಿನ ನಷ್ಟ ಕಾಯಿಲೆಯಿಂದ ಆಗುವುದಕ್ಕಿಂತ ಗಾಬರಿಯ ಚಿಕಿತ್ಸೆಯಿಂದ ಆಗುತ್ತದೆಂದು ನನ್ನ ನಂಬಿಕೆ. ಡಿಸ್ಕು ಕಾಣಲಿಲ್ಲವೆಂದೊಡನೆ ಅದು ಕೆಟ್ಟಿತೆಂದು ತೀರ್ಮಾನಿಸಬೇಡಿ. ಮೊದಲು ತಂತಿಯನ್ನು ಬದಲಾಯಿಸಿ ನೋಡಿ. ಅನಂತರ ಬೇರೊಂದು ಕಿಂಡಿಗೆ ಜೋಡಿಸಿ. ನಡುವೆ ಹಲವು ಕಿಂಡಿಗಳ ಹಬ್ಬು ಇದ್ದರೆ ಅದನ್ನು ತೆಗೆದು ನೇರವಾಗಿ ಕಂಪ್ಯೂಟರಿಗೇ ಜೋಡಿಸಿ, ಏಕೆಂದರೆ ಹಬ್ಬಿನ ಮೂಲಕ ಡಿಸ್ಕಿಗೆ ಬೇಕಾದಷ್ಟು ವಿದ್ಯುತ್ತು ಬಾರದೆ ಇರಬಹುದು. ಆಮೇಲೆ ಬೇರೊಂದು ಕಂಪ್ಯೂಟರಿನಲ್ಲಿ ಪರೀಕ್ಷಿಸಿ. ಇಷ್ಟರಲ್ಲೇ ಎಷ್ಟೋ ಡಿಸ್ಕುಗಳು ಚೇತರಿಸಿಕೊಳ್ಳುತ್ತವೆ.

ಫೈಲು ತೆರೆಯಲು ಹಿಂದಿಗಿಂತ ಹೆಚ್ಚು ಹೊತ್ತು ಹಿಡಿಯುವುದು, ಪ್ರತಿ ಮಾಡುವಾಗ ನಡುವೆ ನಿಂತುಹೋಗುವುದು, ಡಿಸ್ಕು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ‘ಸ್ಮಾರ್ಟ್’ ಎಂಬ ವ್ಯವಸ್ಥೆ ಎಚ್ಚರಿಕೆ ಕೊಡುವುದು, ಇವು ಜ್ವರದ ಲಕ್ಷಣಗಳು. ಆಗ ದುರಸ್ತಿಗೆ ತೊಡಗಬಾರದು. ಮುಖ್ಯವಾದುದನ್ನು ಮೊದಲು ಬೇರೊಂದು ಡಿಸ್ಕಿಗೆ ಸಾಗಿಸಬೇಕು. ದೋಷವನ್ನು ಹುಡುಕಿ ಸರಿಪಡಿಸುವ ಆಜ್ಞೆಗಳು ಆ ರೋಗಿಯ ಮೇಲೆಯೇ ಬರೆಯುವುದರಿಂದ ಅವುಗಳ ಸರದಿ ಆಮೇಲೆ. ಡಿಸ್ಕಿನೊಳಗಿಂದ ಒಂದೇ ಸಮನೆ ಟಿಕ್ ಟಿಕ್ ಎಂಬ ಸದ್ದು ಬರುತ್ತಿದ್ದರೆ ಹೆಡ್ಡು ತನ್ನ ದಾರಿಯನ್ನು ಕಾಣದೆ ತಡಕಾಡುತ್ತಿದೆಯೆಂದು ತಿಳಿಯಿರಿ. ಆ ಕ್ಷಣವೇ ವಿದ್ಯುತ್ತನ್ನು ನಿಲ್ಲಿಸಿ. ಇನ್ನೊಮ್ಮೆ ನೋಡೋಣವೆಂದು ಜೋಡಿಸಬೇಡಿ. ಪ್ರತಿ ಪ್ರಯತ್ನವೂ ಉಳಿದುದನ್ನು ಕೆರೆಯಬಹುದು. ಅದನ್ನು ತಟ್ಟುವುದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಡುವುದು ಮೊದಲಾದ ಮನೆಮದ್ದುಗಳೂ ಬೇಡ. ಇಂಥ ಡಿಸ್ಕಿಗೆ ಶುದ್ಧ ಗಾಳಿಯ ಕೋಣೆಯುಳ್ಳ ತಜ್ಞರೇ ಗತಿ, ಮತ್ತು ಅವರ ಚಿಕಿತ್ಸೆ ದುಬಾರಿ.

ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ ಎಂದು ಕಂಪ್ಯೂಟರು ವಿನಯದಿಂದ ಕೇಳುವುದುಂಟು. ಕೇಳಿದವರು ದೊಡ್ಡವರೆಂದು ಒಪ್ಪಿಗೆ ಕೊಟ್ಟುಬಿಡಬೇಡಿ! ಒಳಗಿನದು ಬೇಕಾಗಿದ್ದರೆ ‘ಬೇಡ’ ಎನ್ನುವುದೇ ಸರಿಯಾದ ಉತ್ತರ. ಕೈತಪ್ಪಿ ಅಳಿಸಿದ ಫೈಲಿಗೂ ಇದೇ ನ್ಯಾಯ. ಹಾರ್ಡ್ ಡಿಸ್ಕಿನಲ್ಲಿ ಅಳಿಸುವುದೆಂದರೆ ಸಾಮಾನ್ಯವಾಗಿ ಪರಿವಿಡಿಯಿಂದ ಹೆಸರನ್ನು ತೆಗೆಯುವುದು ಮಾತ್ರ. ಪುಟಗಳು ಬೇರೆ ಬರಹ ಬಂದು ಕೂರುವವರೆಗೆ ಅಲ್ಲಿಯೇ ಇರುತ್ತವೆ. ಆದುದರಿಂದ ಆ ಡಿಸ್ಕಿಗೆ ಏನನ್ನೂ ಬರೆಯದೆ ನಿಲ್ಲಿಸಿದರೆ ತಿಳಿದವರು ಅದನ್ನು ಮರಳಿ ಪಡೆಯಬಲ್ಲರು. ಎಸ್.ಎಸ್.ಡಿ.ಯಲ್ಲಿ ಈ ಆಸೆ ಬಹಳ ಕಡಮೆ, ಏಕೆಂದರೆ ಅಳಿಸಿದ ಜಾಗವನ್ನು ಅದು ಬೇಗನೆ ನಿಜವಾಗಿಯೇ ತೊಳೆದಿಡುತ್ತದೆ.

ಒಂದು ಯಂತ್ರಕ್ಕೆ ಇಷ್ಟೆಲ್ಲ ಉಪಚಾರವೇ ಎಂದು ನಗುವವರಿರಬಹುದು. ಯಂತ್ರವನ್ನು ಅಂಗಡಿಯಿಂದ ಮತ್ತೆ ತರಬಹುದು. ಒಳಗಿದ್ದುದನ್ನು ಯಾವ ಅಂಗಡಿಯಿಂದ ತರೋಣ? ನಾನು ಬಲ್ಲ ವಿದ್ಯಾರ್ಥಿನಿಯೊಬ್ಬಳು ಬೇಸಗೆಯ ರಜೆಯಲ್ಲಿ ಊರಿಗೆ ಹೋಗಿದ್ದಾಗ ತನ್ನ ಅಜ್ಜಿ ಹಾಡುತ್ತಿದ್ದ ಬೀಸುವ ಕಲ್ಲಿನ ಪದಗಳನ್ನು ಫೋನಿನಲ್ಲಿ ಹಿಡಿದು ತಂದಿದ್ದಳು. ಫೋನಿನಲ್ಲಿ ಜಾಗ ಸಾಲದೆ ಅವನ್ನು ಡಿಸ್ಕಿಗೆ ಸಾಗಿಸಿ ಫೋನಿನಿಂದ ಅಳಿಸಿದಳು. ಮಳೆಗಾಲದಲ್ಲಿ ಆ ಡಿಸ್ಕು ಕಪಾಟಿನಿಂದ ಬಿದ್ದಿತು. ದೀಪಾವಳಿಯ ಹೊತ್ತಿಗೆ ಅಜ್ಜಿಯೂ ಇರಲಿಲ್ಲ. ಆ ಮನೆಯಲ್ಲಿ ಆ ಪದಗಳನ್ನು ಬಲ್ಲವರು ಇಂದು ಯಾರೂ ಇಲ್ಲ. ಊರಿನಲ್ಲಿರುವವರಿಗೆ ನೆರೆಮನೆಯ ಇನ್ನೊಬ್ಬ ಅಜ್ಜಿಯಾದರೂ ಸಿಕ್ಕಾಳು. ಊರು ಬಿಟ್ಟು ಬಂದ ನಮ್ಮಂಥವರಿಗೆ ಇಂಥ ಧ್ವನಿಗಳೇ ಊರು. ಆದುದರಿಂದ ಉಳಿಸಿಕೊಳ್ಳುವ ಹೊಣೆ ನಮಗೆ ಒಂದು ತೂಕ ಹೆಚ್ಚು.

ಈ ಹೊಣೆಯನ್ನು ಕನ್ನಡಿಗರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ತಾಳೆಗರಿಯನ್ನು ಹುಳು ತಿನ್ನುತ್ತದೆ, ನೀರು ಕೆಡಿಸುತ್ತದೆ, ಬೆಂಕಿ ಸುಡುತ್ತದೆ. ಒಂದು ಓಲೆಗಟ್ಟನ್ನು ಎಷ್ಟು ಜೋಪಾನ ಮಾಡಿದರೂ ಅದು ಒಂದೇ ಎಂಬುದನ್ನು ಹಿಂದಿನವರು ಬಲ್ಲವರಾಗಿದ್ದರು. ಗರಿಗೆ ಎಣ್ಣೆ ಸವರಿ, ಬಟ್ಟೆಯಲ್ಲಿ ಕಟ್ಟಿಟ್ಟುದು ಆರೈಕೆ. ಪ್ರತಿಮಾಡಿ ಬೇರೆ ಬೇರೆ ಊರುಗಳಲ್ಲಿ ಇರಿಸಿದುದು ರಕ್ಷಣೆ. ಡಿಸ್ಕಿಗೂ ಈ ಎರಡೂ ಬೇಕು, ಎರಡನೆಯದು ಹೆಚ್ಚು ಬೇಕು.

ಎರಡು ಪ್ರತಿಗಳನ್ನು ಒಂದೇ ಕಪಾಟಿನಲ್ಲಿಟ್ಟರೆ ಅವು ಒಂದೇ ಪ್ರತಿಗೆ ಸಮಾನ. ೨೦೦೫ನೆಯ ಜುಲೈ ೨೬ರಂದು ಸಾಂತಾಕ್ರೂಜಿನಲ್ಲಿ ೨೪ ಗಂಟೆಗಳಲ್ಲಿ ೯೪೪ ಮಿಲಿಮೀಟರು ಮಳೆ ಸುರಿದಾಗ ಈ ನಗರದ ಎಷ್ಟೋ ನೆಲಮನೆಗಳಲ್ಲಿ ನೀರು ನುಗ್ಗಿತು. ಆ ನೀರು ಮೂಲ ಯಾವುದು, ಪ್ರತಿ ಯಾವುದು ಎಂದು ಕೇಳಲಿಲ್ಲ. ಹಾಗಾದರೆ ಎಲ್ಲವನ್ನೂ ಅಂತರ್ಜಾಲದ ಕ್ಲೌಡಿನಲ್ಲಿ ಇಟ್ಟರಾಯಿತಲ್ಲ ಎಂದು ಕೆಲವರು ಹೇಳುವರು. ಇಡಿ, ಬೇಡವೆನ್ನುವುದಿಲ್ಲ. ಆದರೆ ಕ್ಲೌಡೂ ಬೇರೆಯವರ ಮನೆಯ ಡಿಸ್ಕುಗಳೇ. ಅಲ್ಲಿನ ನಿಯಮ ನಮ್ಮದಲ್ಲ. ಗೂಗಲ್ ಫೋಟೋಸಿನಲ್ಲಿ ಮಿತಿಯಿಲ್ಲದೆ ದೊರೆಯುತ್ತಿದ್ದ ಉಚಿತ ಸ್ಥಳ ೨೦೨೧ನೆಯ ಜೂನ್ ೧ರಿಂದ ನಿಂತುಹೋಯಿತು. ಗುಪ್ತಪದವನ್ನು ಮರೆತರೆ ಬಾಗಿಲೇ ತೆರೆಯದು. ಆದುದರಿಂದ ಮನೆಯ ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಡಿಸ್ಕಿನಲ್ಲಿ ಒಂದು, ಕ್ಲೌಡಿನಲ್ಲೋ ಊರಿನ ಬಂಧುಗಳ ಮನೆಯಲ್ಲೋ ಮತ್ತೊಂದು, ಹೀಗೆ ಮೂರಿರಲಿ. ಪ್ರತಿ ಮಾಡಿದ ಮೇಲೆ ಒಂದೆರಡು ಫೈಲುಗಳನ್ನು ತೆರೆದು ನೋಡುವುದೂ ಕೆಲಸದ ಭಾಗವೇ.

ಕನ್ನಡ ಬರೆಯುವವರಿಗೆ ಇನ್ನೊಂದು ಮಾತು. ಹಿಂದಿನ ದಿನಗಳಲ್ಲಿ ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳಲ್ಲಿ ಬೇರೆ ಬೇರೆ ಸಂಕೇತಗಳಿಂದ ಬರೆದ ಫೈಲುಗಳು ಆಯಾ ಅಕ್ಷರಮಾದರಿ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ. ಡಿಸ್ಕು ಆರೋಗ್ಯವಾಗಿದ್ದರೂ ಬರಹ ಸತ್ತಂತೆಯೇ! ೧೯೯೧ರಿಂದಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನವಿದೆ. ಹಳೆಯ ಫೈಲುಗಳನ್ನು ಓದಬಲ್ಲವರು ಇರುವಾಗಲೇ ಅವನ್ನು ಯೂನಿಕೋಡಿಗೆ ತಂದಿಡಬೇಕು.

ಶಾಲೆಯ ಆಡಳಿತದವರಲ್ಲಿಯೂ ಸಹೋದ್ಯೋಗಿಗಳಲ್ಲಿಯೂ ನನ್ನ ವಿನಂತಿ ಇಷ್ಟೆ. ತಿಂಗಳ ಮೊದಲ ಶನಿವಾರದ ಒಂದು ತಾಸನ್ನು ಪ್ರತಿ ಮಾಡುವ ಪಾಠಕ್ಕೆ ಬಿಟ್ಟುಕೊಡೋಣ. ಪರೀಕ್ಷೆಯಲ್ಲಿ ಫೈಲನ್ನು ಬರೆಯಲು ಹೇಳುವಂತೆ, ಮೂಲ ಹೋಯಿತೆಂದು ಭಾವಿಸಿ ಪ್ರತಿಯಿಂದ ಅದನ್ನು ಮರಳಿ ತರಲೂ ಹೇಳೋಣ. ಮೊದಲ ಪಾಠಕ್ಕೆ ವಸ್ತುವನ್ನು ಹುಡುಕಬೇಕಾಗಿಲ್ಲ. ಶಾಲೆಯ ಕಪಾಟಿನಲ್ಲಿ ಹಳೆಯ ವಾರ್ಷಿಕ ಸಂಚಿಕೆಗಳಿವೆ. ಕೆಲವಕ್ಕೆ ಒಂದೇ ಪ್ರತಿ ಉಳಿದಿದೆ. ಅವುಗಳಲ್ಲಿ ನಿಮ್ಮ ತಂದೆತಾಯಿಗಳು ಹುಡುಗರಾಗಿದ್ದಾಗ ಬರೆದ ಕಥೆ ಕವನಗಳೂ ಇರಬಹುದು. ಈ ನಗರದಲ್ಲಿ ಬಾಗಿಲು ಮುಚ್ಚಿದ ಕನ್ನಡ ಶಾಲೆಗಳುಂಟು. ಶಾಲೆಗಳು ಉಳಿಯುವುದು ನಮ್ಮೊಬ್ಬರ ಕೈಯಲ್ಲಿಲ್ಲ. ಅವುಗಳ ಬರಹ ಉಳಿಯುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ.

ಬಾಲಮಿತ್ರರೇ, ಈ ಸಂಚಿಕೆಯನ್ನು ಓದಿ ಮುಗಿಸಿದ ಮೇಲೆ ಮನೆಯಲ್ಲಿರುವ ಡಿಸ್ಕನ್ನು ಹೊರತೆಗೆಯಿರಿ. ಅದರಲ್ಲಿ ಮತ್ತೆ ದೊರೆಯಲಾರದಂಥದು ಏನೇನಿದೆಯೆಂದು ಹಿರಿಯರೊಡನೆ ಕುಳಿತು ಒಂದು ಪಟ್ಟಿ ಮಾಡಿರಿ. ಆ ಪಟ್ಟಿಯಲ್ಲಿರುವುದಕ್ಕೆ ಇಂದೇ ಇನ್ನೊಂದು ಪ್ರತಿ ಮಾಡಿರಿ.